ಬಿ.ಪಿ. ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿ
(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಿಂದ ನಮ್ಮ ಸಂಘ ಹಸುಗಳ ಆರೋಗ್ಯ ನೋಡಿಕೊಂಡು ಬಂದಿದೆ. ಕಾಲುಬಾಯಿ ಜ್ವರದ ಲಸಿಕೆ ಹಾಕುವ ದಿನ ಯಾರೂ ತಪ್ಪಿಸುವುದಿಲ್ಲ. ಆದರೆ ಹಸು ಸಾಕುವ ಮನುಷ್ಯನ ಆರೋಗ್ಯದ ವಿಷಯದಲ್ಲಿ ನಾವು ಉದಾಸೀನ. ಅದಕ್ಕೇ ಇವತ್ತು ರಕ್ತದೊತ್ತಡದ ಬಗ್ಗೆ ನಾಲ್ಕು ಮಾತು ಆಡುತ್ತೇನೆ. ನಾನು ಎಸ್ಸೆಸ್ಸೆಲ್ಸಿ ಓದಿದ ರೈತ, ಡಾಕ್ಟರಲ್ಲ. ತಿಳಿದವರಿಂದ ಕೇಳಿಕೊಂಡಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಹೃದಯ ಅಂದರೆ ಮೋಟಾರು, ರಕ್ತನಾಳ ಅಂದರೆ ಪೈಪು. ರಕ್ತ ನಾಳದ ಗೋಡೆಯನ್ನು ಒತ್ತುವ ಒತ್ತಡವೇ ಬಿ.ಪಿ. ಮೇಲಿನ ಅಂಕಿ ಹೃದಯ ಹಿಂಡಿದಾಗಿನದು, ಕೆಳಗಿನದು ಸಡಿಲವಾದಾಗಿನದು. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬಿ.ಪಿ. ಇದೆ ಅಂತ ಲೆಕ್ಕ. ಎರಡರಲ್ಲಿ ಒಂದು ಹೆಚ್ಚಿದ್ದರೂ ಬಿಡುವ ಹಾಗಿಲ್ಲ. ಹಾಲಿನ ಕ್ಯಾನು ಹೊತ್ತು ಬಂದವರೇ ಅಳೆಸಬಾರದು. ಐದು ನಿಮಿಷ ಸುಮ್ಮನೆ ಕೂತಿರಬೇಕು. ಅದಕ್ಕೆ ಅರ್ಧ ಗಂಟೆ ಮೊದಲು ಕಾಫಿ, ಬೀಡಿ ಬೇಡ.

"ತಲೆ ಸುತ್ತಿಲ್ಲ, ನೋವಿಲ್ಲ, ನನಗೆಲ್ಲಿ ಬಿ.ಪಿ.?" ಅನ್ನುವವರಿದ್ದಾರೆ. ಹಾಲನ್ನು ಕಣ್ಣಲ್ಲಿ ನೋಡಿ ಫ್ಯಾಟ್ ಎಷ್ಟು ಅಂತ ಹೇಳೋಕೆ ಆಗುತ್ತದೆಯೇ? ಮೆಷಿನ್ನಿಗೆ ಹಾಕಲೇಬೇಕು. ಬಿ.ಪಿ.ಯೂ ಹಾಗೇ. ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಒಳಗೊಳಗೇ ಹೃದಯ, ಮೆದುಳು, ಮೂತ್ರಪಿಂಡ, ಕಣ್ಣು ಹಾಳಾಗುತ್ತಿರುತ್ತವೆ.

ಈಗ ಮಾತ್ರೆಗಳ ವಿಷಯ. ಎಲ್ಲರ ಮಾತ್ರೆ ಒಂದೇ ಅಲ್ಲ. ಆಮ್ಲೊಡಿಪಿನ್ ರಕ್ತನಾಳವನ್ನು ಸಡಿಲಗೊಳಿಸಿ ದಾರಿ ಅಗಲ ಮಾಡುತ್ತದೆ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಎಂಬುವು ನಾಳವನ್ನು ಬಿಗಿಗೊಳಿಸುವ ದೇಹದೊಳಗಿನ ಒಂದು ವಸ್ತುವಿಗೆ ಅಡ್ಡ ನಿಲ್ಲುತ್ತವೆ. ಎನಾಲಪ್ರಿಲ್ ಆ ವಸ್ತು ಹುಟ್ಟುವುದನ್ನೇ ಕಡಿಮೆ ಮಾಡುತ್ತದೆ. ಕ್ಲೋರ್‌ಥಾಲಿಡೋನ್ ಹೆಚ್ಚಿನ ಉಪ್ಪು ನೀರನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಅದಕ್ಕೇ ಅದನ್ನು ಬೆಳಗ್ಗೆ ತೆಗೆದುಕೊಳ್ಳುವುದು. ಅಟೆನೊಲಾಲ್ ಮೋಟಾರಿನ ಓಟ ನಿಧಾನ ಮಾಡುತ್ತದೆ. ಒಬ್ಬರಿಗೆ ಒಂದು ಸಾಕು, ಇನ್ನೊಬ್ಬರಿಗೆ ಎರಡು ಬೇಕು. ಪಕ್ಕದ ಮನೆಯವರ ಮಾತ್ರೆ ಇಸಕೊಂಡು ನುಂಗಬಾರದು. ಗರ್ಭಿಣಿಯರಿಗಂತೂ ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಎನಾಲಪ್ರಿಲ್ ಆಗುವುದಿಲ್ಲ, ಹೊಟ್ಟೆಯ ಮಗುವಿಗೆ ಅಪಾಯ.

ಕೆಲವರಿಗೆ ಆಮ್ಲೊಡಿಪಿನ್‌ನಿಂದ ಪಾದ ಊದುತ್ತದೆ, ಎನಾಲಪ್ರಿಲ್‌ನಿಂದ ಒಣಕೆಮ್ಮು ಬರುತ್ತದೆ. ಆಗ ಡಾಕ್ಟರಿಗೆ ಹೇಳಿದರೆ ಬೇರೆ ಮಾತ್ರೆ ಕೊಡುತ್ತಾರೆ. ನಾವಾಗಿಯೇ ಬಿಡಬಾರದು. ಅಟೆನೊಲಾಲ್ ಅಂಥದ್ದನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದು ಹೃದಯಕ್ಕೇ ಅಪಾಯ. ಇನ್ನೊಂದು ಮಾತು: ಸೊಂಟನೋವು, ಮಂಡಿನೋವು ಅಂತ ಅಂಗಡಿಯಲ್ಲಿ ಕೇಳಿ ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೇನ್ ಬಿ.ಪಿ. ಏರಿಸುತ್ತವೆ, ಮೂತ್ರಪಿಂಡಕ್ಕೂ ಪೆಟ್ಟು.

ನಮ್ಮ ಸದಸ್ಯರೊಬ್ಬರು, ಹೆಸರು ಬೇಡ, ಬಿ.ಪಿ. 130/80 ಬಂತು ಅಂತ ಸಂತೋಷಪಟ್ಟು ಮಾತ್ರೆ ನಿಲ್ಲಿಸಿದರು. ಏಳೆಂಟು ತಿಂಗಳಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಆಸ್ಪತ್ರೆ ಖರ್ಚಿಗೆ ಎರಡು ಕರೆಯುವ ಹಸು ಮಾರಿದರು. ಹಾಲು ಹಾಕುವ ಮನೆ ಹಾಲು ಕೊಳ್ಳುವ ಮನೆಯಾಯಿತು. ಅಂಕಿ ಸರಿ ಬಂದಿದ್ದು ಕಾಯಿಲೆ ಹೋಗಿ ಅಲ್ಲ, ಮಾತ್ರೆ ಕೆಲಸ ಮಾಡಿದ್ದರಿಂದ. ಬಂಧುಗಳೇ, ಇದೊಂದು ಮಾತು ನೆನಪಿದ್ದರೆ ನನ್ನ ಭಾಷಣ ಸಾರ್ಥಕ.

ಇಂಗ್ಲಿಷ್ ಮಾತ್ರೆ ಬೇಡ, ಬೇರು ಸಾಕು ಅನ್ನುವವರೂ ಉಂಟು. ನಮ್ಮ ಸರ್ಪಗಂಧ ಬೇರಿಗೆ ಬಿ.ಪಿ. ಇಳಿಸುವ ಗುಣ ಇರುವುದು ನಿಜ. ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲೇ ಅದರ ಬಗ್ಗೆ ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಔಷಧಿ ಬೇರ್ಪಡಿಸಿದರು. ಆದರೆ ಮನಸ್ಸು ಕುಗ್ಗುವಂಥ ತೊಂದರೆ ಕಂಡಿದ್ದರಿಂದ, ಅದಕ್ಕಿಂತ ಒಳ್ಳೆಯವು ಬಂದಿದ್ದರಿಂದ ಈಗ ಅದರ ಬಳಕೆ ತೀರ ಕಮ್ಮಿ. ಅಳತೆಯಿಲ್ಲದೆ ಬೇರು ತಿನ್ನುವುದು ಸರಿಯಲ್ಲ.

ಮಾತ್ರೆಯ ಜೊತೆಗೆ ಊಟದಲ್ಲೂ ಹತೋಟಿ ಬೇಕು. ಒಬ್ಬರಿಗೆ ದಿನಕ್ಕೆ ಉಪ್ಪು 5 ಗ್ರಾಮಿಗಿಂತ ಕಮ್ಮಿ ಇರಬೇಕು, ಅಂದರೆ ಒಂದು ಟೀ ಚಮಚ. ಸಾರು, ಮಜ್ಜಿಗೆ, ಉಪ್ಪಿನಕಾಯಿ, ಹಪ್ಪಳ ಎಲ್ಲ ಸೇರಿ ಇಷ್ಟು. ತಾಯಂದಿರು ಮನಸ್ಸು ಮಾಡಿದರೆ ಅರ್ಧ ಕೆಲಸ ಆದಂತೆ. ಗಂಡಸರು ಬೀಡಿ, ಕಡ್ಡಿಪುಡಿ, ಹೆಂಡ ಬಿಡಬೇಕು.

30 ವರ್ಷ ದಾಟಿದವರೆಲ್ಲ ಬಿ.ಪಿ. ನೋಡಿಸಿಕೊಳ್ಳಿ. ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆಯೂ ಮಾತ್ರೆಯೂ ಉಚಿತ. ದಿನಾ ಬೆಳಗ್ಗೆ ಡೇರಿಗೆ ಹಾಲು ಹಾಕುವುದನ್ನು ನಾವು ಮರೆಯುವುದಿಲ್ಲ. ಹಾಲು ಹಾಕಿ ಬಂದ ತಕ್ಷಣ ಮಾತ್ರೆ ಅಂತ ರೂಢಿ ಮಾಡಿಕೊಂಡರೆ ಅದೂ ಮರೆಯುವುದಿಲ್ಲ. ಹಾಲಿನ ಪಾಸ್‌ಬುಕ್ಕಿನ ಜೊತೆಯಲ್ಲೇ ಬಿ.ಪಿ. ಚೀಟಿಯನ್ನೂ ಇಟ್ಟುಕೊಳ್ಳಿ.



ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.