ಅಣ್ಣನಿಗೆ ಹೆಣ್ಣು ಸಿಗಲಿಲ್ಲ, ನನಗೆ ನಕ್ಷತ್ರ ಸಿಕ್ತು

ನಾನು ಮಂಡ್ಯ ಪಕ್ಕದ ಯಲಿಯೂರಿನವಳು. ಸಮಾಜಶಾಸ್ತ್ರದಲ್ಲಿ ಸಂಶೋಧನೆ ಮಾಡ್ತಿದ್ದೀನಿ. ನಮ್ಮಣ್ಣನಿಗೆ ಮೂವತ್ತಾರು. ಕಬ್ಬು, ಭತ್ತ, ಎರಡು ಹಸು. ಮದುವೆ ಆಗಿಲ್ಲ. 2023ರ ಫೆಬ್ರವರಿಯಲ್ಲಿ ಹೆಣ್ಣು ಸಿಗಲಪ್ಪಾ ಅಂತ ಮದ್ದೂರು ತಾಲ್ಲೂಕಿನಿಂದ ಮಾದಪ್ಪನ ಬೆಟ್ಟಕ್ಕೆ ಹುಡುಗರು ಪಾದಯಾತ್ರೆ ಹೋದ್ರಲ್ಲ, ನೀವೆಲ್ಲ ಮೀಮ್ ಮಾಡಿ ನಕ್ಕಿರಿ. ನಮ್ಮನೇಲಿ ಯಾರೂ ನಗಲಿಲ್ಲ. ರೈತರ ಮಕ್ಕಳಿಗೆ ಯಾಕೆ ಹೆಣ್ಣು ಸಿಗ್ತಿಲ್ಲ ಅನ್ನೋದೇ ನನ್ನ ವಿಷಯ ಆಯ್ತು.

ಯೂಟ್ಯೂಬ್ ನೋಡಿ ರಿಗ್ರೆಷನ್ ಕಲಿತೆ. ಅರಳಿಕಟ್ಟೆ ಮೇಲೆ ಕೂತವರನ್ನೆಲ್ಲ ಇಪ್ಪತ್ತು ಪ್ರಶ್ನೆ ಕೇಳಿದೆ: ಜಮೀನು, ಸಾಲ, ಓದು, ಪಂಪ್‌ಸೆಟ್, ಹಸು. ಎಲ್ಲವನ್ನೂ ಒಟ್ಟಿಗೆ ಲ್ಯಾಪ್‌ಟಾಪಿಗೆ ಸುರಿದೆ. ಹಸುವಿನ ಮುಂದೆ ಒಂದು ನಕ್ಷತ್ರ ಬಂತು! ಅಂದ್ರೆ, ಪಿ-ಮೌಲ್ಯ 0.05ಕ್ಕಿಂತ ಕಡಿಮೆ. ಖುಷಿಯಿಂದ ಮೇಡಂ ಹತ್ರ ಓಡಿದೆ.

ಅವರು ಮೊಬೈಲ್ ತೆಗಿ ಅಂದ್ರು. 0.95 ಅನ್ನು ಇಪ್ಪತ್ತು ಸಲ ಗುಣಿಸು, ಒಂದರಿಂದ ಕಳಿ. ನೀವೂ ಮಾಡಿ ನೋಡಿ. 0.64 ಬರುತ್ತೆ. ಮದುವೆಗೂ ತಮ್ಮತಮ್ಮಲ್ಲೂ ಸಂಬಂಧವೇ ಇಲ್ಲದ ಇಪ್ಪತ್ತು ಅಂಶ ಹಾಕಿದ್ರೂ ಒಂದಕ್ಕಾದ್ರೂ ನಕ್ಷತ್ರ ಬೀಳೋ ಸಾಧ್ಯತೆ ನೂರಕ್ಕೆ 64! "ಹಸು ಯಾಕೆ ಅಂತ ಮೊದಲೇ ಯೋಚಿಸಿದ್ಯಾ?" ಅಂದ್ರು. ಎಲ್ಲಿಂದ ಯೋಚಿಸೋದು.

ಆಮೇಲೆ ಸ್ಕಾರ್ಲೆಟ್ ಎಪ್‌ಸ್ಟೀನ್ ಓದಿಸಿದ್ರು. 1950ರ ದಶಕದಲ್ಲಿ ನಮ್ಮ ಮಂಡ್ಯಕ್ಕೇ ಬಂದು ಎರಡು ಹಳ್ಳಿ ಅಧ್ಯಯನ ಮಾಡಿದ ಹೆಣ್ಣುಮಗಳು. ಪುಸ್ತಕ ಬಂದಿದ್ದು 1962ರಲ್ಲಿ. ಒಂದು ಹಳ್ಳಿಗೆ ನಾಲೆ ನೀರು ಬಂದಿತ್ತು, ಇನ್ನೊಂದು ಒಣ ಭೂಮಿ. ನೀರು ಬಂದ ಕಡೆ ಎಲ್ಲ ಬದಲಾಗಿರುತ್ತೆ ಅಂತ ನಾನೂ ಅಂದ್ಕೊಂಡಿದ್ದೆ. ಅಲ್ಲಿ ದುಡ್ಡು ಬಂತು, ಆದ್ರೆ ಬೇಸಾಯ ಮುಂದುವರೀತು, ಹಳೇ ಸಂಬಂಧಗಳೂ ಹೆಚ್ಚುಕಮ್ಮಿ ಹಾಗೇ ಉಳಿದ್ವು. ಒಣ ಹಳ್ಳಿಯವರು ಮಂಡ್ಯ ಪೇಟೆಗೆ ಕೆಲಸ, ವ್ಯಾಪಾರ ಅಂತ ಹೋದ್ರು, ಅವರ ಊರೇ ಹೆಚ್ಚು ಬದಲಾಯ್ತು. ಏನನ್ನ ಏನರ ಜೊತೆ ಹೋಲಿಸಬೇಕು ಅನ್ನೋದು ಆಕೆಗೆ ಗೊತ್ತಿತ್ತು.

ಈಗ ನಾನು ಲ್ಯಾಪ್‌ಟಾಪ್ ತೆಗೆಯೋಕೆ ಮುಂಚೆ ಎರಡು ವಾದ ಬರ್ಕೊಂಡೆ. ಹೆಣ್ಣುಮಕ್ಕಳೇ ಕಮ್ಮಿ ಅನ್ನೋದು ಒಂದು. 2011ರ ಜನಗಣತಿಯಲ್ಲಿ ಮಂಡ್ಯದಲ್ಲಿ ಸಾವಿರ ಗಂಡಸರಿಗೆ 995 ಹೆಂಗಸರು. ಪರವಾಗಿಲ್ಲ ಅನ್ಸುತ್ತೆ, ಆದ್ರೆ ಅದರಲ್ಲಿ ಅಜ್ಜಿಯರೂ ಇದ್ದಾರೆ; ಮದುವೆ ವಯಸ್ಸಿನವರನ್ನ ಬೇರೆ ಎಣಿಸಬೇಕು. ಇದು ನಿಜವಾದ್ರೆ ಕೆಲಸದಲ್ಲಿರೋ ಹುಡುಗರಿಗೂ ಸ್ವಲ್ಪ ಬಿಸಿ ತಟ್ಟಬೇಕು. ಬೇಸಾಯದ ಮನೆಗೇ ಕೊಡಲ್ಲ ಅನ್ನೋದು ಇನ್ನೊಂದು. ಹಾಗಿದ್ರೆ ಅಷ್ಟೇ ಜಮೀನಿದ್ರೂ ಬೆಂಗಳೂರಲ್ಲಿ ಕೆಲಸ ಇರೋನಿಗೆ ಬೇಗ ಮದುವೆ ಆಗಿರಬೇಕು. ಎರಡೂ ನಿಜ ಇರಬಹುದು.

ಆಗ ಹೊಳೀತು ನೋಡಿ. ಊರು ಬಿಟ್ಟು ಹೋಗಿ ಮದುವೆ ಆದವರು ಕಟ್ಟೆ ಮೇಲೆ ಯಾಕಿರ್ತಾರೆ? ನನ್ನ ಪಟ್ಟೀಲಿ ಅವರೇ ಇಲ್ಲ. ಹೆಣ್ಣು ಹೆತ್ತವರನ್ನಂತೂ ಒಂದು ಮಾತೂ ಕೇಳಿರಲಿಲ್ಲ.

ಮೊದಲು ನಮ್ಮವ್ವನ್ನೇ ಕೇಳಿದೆ. "ನನ್ನ ಯಾರಾದ್ರೂ ರೈತನಿಗೆ ಕೊಡ್ತೀಯಾ?" "ಸಗಣಿ ಬಾಚಕ್ಕಾ ನಿನ್ನ ಇಷ್ಟು ಓದ್ಸಿದ್ದು?" ಅಂತು ಅವ್ವ. ಅಣ್ಣನಿಗೆ ಹೆಣ್ಣು ಕೊಡಲಿಲ್ಲ ಅಂತ ಬೆಳಿಗ್ಗೆ ತಾನೇ ಯಾರನ್ನೋ ಬೈದಿತ್ತು. ಅಣ್ಣ ಅಲ್ಲೇ ಹಾಲು ಕರೀತಿದ್ದ.

"ಇದನ್ನೂ ಬರ್ಕೊಂಡೇನವ್ವ?" ಅಂದ. ಬರ್ಕೊಂಡೆ.