ಮಳೆಗಾಲದ ಕತ್ತಲೆ ಮತ್ತು ಶಾಲೆಯ ಕರೆಂಟು



ಕರೆಂಟಿನ ವಿಷಯದಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಪಾಠ ಹೇಳುವುದು ಕಷ್ಟ. ಕಾಳಿ ನದಿಗೆ ನಾಗಝರಿ, ಕೊಡಸಳ್ಳಿ, ಕದ್ರಾ, ಶರಾವತಿಗೆ ಗೇರುಸೊಪ್ಪ ವಿದ್ಯುದಾಗಾರ, ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಅಣುಘಟಕ. ಬೇಡ್ತಿಗೂ ಅಣೆಕಟ್ಟು ಬರುತ್ತದೆ ಎಂದಾಗ ಇಲ್ಲಿಯ ತೋಟಿಗರು ಘೋಷಣೆ ಕೂಗಿ ಸುಮ್ಮನಾಗಲಿಲ್ಲ. 1981ರಲ್ಲಿ ಶಿರಸಿಯ ತೋಟಗಾರರ ಸೇಲ್ ಸೊಸೈಟಿ ವಿಜ್ಞಾನಿಗಳನ್ನು ಕರೆಸಿ ಯೋಜನೆಯ ಲಾಭ–ನಷ್ಟವನ್ನು ಚರ್ಚೆಗೆ ಕೂರಿಸಿತು. ಹಾಗೆ ಲೆಕ್ಕ ಕೇಳಿದ ಸೀಮೆ ಇದು. ಮನೆ ಬಾಗಿಲಿಗೆ ಬಂದ ಕರೆಂಟನ್ನು ಹೇಗೆ ಬಳಸುತ್ತೇವೆ ಎಂಬ ಲೆಕ್ಕವನ್ನು ಮಾತ್ರ ನಾವಿನ್ನೂ ಕೇಳಿಕೊಂಡಿಲ್ಲ. ಶಾಲೆಯಿಂದಲೇ ಶುರುಮಾಡೋಣ.

ಇಂಧನ ಉಳಿತಾಯದ ಪುಸ್ತಕಗಳಲ್ಲಿ ಮೊದಲು ಬರುವುದು ಏಸಿ, ಬಿಸಿಲು, ಕಾಯುವ ತಾರಸಿ. 2007ರಲ್ಲಿ ಬಂದು 2017ರಲ್ಲಿ ಪರಿಷ್ಕಾರಗೊಂಡ ದೇಶದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ ಅನ್ವಯವಾಗುವುದು 100 ಕಿಲೋವಾಟಿನಷ್ಟು ಸಂಪರ್ಕವಿರುವ ದೊಡ್ಡ ಕಟ್ಟಡಗಳಿಗೆ. ಮನ್ಮನೆಯಂಥ ಸಣ್ಣ ಹಳ್ಳಿಯ ಶಾಲೆ ಅದರ ಹತ್ತಿರಕ್ಕೂ ಸುಳಿಯದು. ನಮ್ಮ ಶಾಲೆಗಳು ಕರೆಂಟು ಸುಡುವುದು ಕತ್ತಲೆಗಾಗಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಹನ್ನೆರಡಕ್ಕೂ ಟ್ಯೂಬ್‌ಲೈಟು ಉರಿಯುತ್ತದೆ.

ಮೋಡ ಕವಿದ ಹಗಲಿನಲ್ಲೂ ಅಂಗಳದಲ್ಲಿ ಓದುವಷ್ಟು ಬೆಳಕಿರುತ್ತದೆ. ಅದು ಒಳಗೆ ಬರುವುದಿಲ್ಲ, ಯಾಕೆಂದರೆ ಪಡುವಣ ಗಾಳಿಗೆ ಎರಚಲು ಹೊಡೆಯುತ್ತದೆ, ಕಿಟಕಿ ಹಾಕಲೇಬೇಕು. ಕಿಟಕಿಯ ಬಾಗಿಲುಗಳೋ ಪೂರಾ ಮರ, ಇಲ್ಲವೇ ತಗಡು. ಗಾಜಿನ ಒಂದು ತುಂಡೂ ಇಲ್ಲ. ತಾರಸಿಯ ಕೋಣೆಯಾದರೆ, ಸೋರುತ್ತದೆಂದು ಮೇಲೆ ಹೊದಿಸಿದ ಶೀಟು ಉದ್ದಕ್ಕೆ ಇಳಿಬಿದ್ದು ಉಳಿದ ಬೆಳಕನ್ನೂ ತಡೆಯುತ್ತದೆ. ಇಷ್ಟಾದ ಮೇಲೆ ಎಲ್‌ಇಡಿ ತರಬೇಕೇ ಎಂದು ಸಭೆ ಸೇರುತ್ತೇವೆ.

ನಲಿ–ಕಲಿ ತರಗತಿಯನ್ನೇ ನೋಡಿ. ಮಕ್ಕಳು ಸಾಲಾಗಿ ಒಂದೇ ಕಡೆ ಮುಖಮಾಡಿ ಕೂರುವುದಿಲ್ಲ. ಗುಂಪುಗುಂಪಾಗಿ ನೆಲದ ಮೇಲಿರುತ್ತಾರೆ, ಅವರ ಬೋರ್ಡು ಗೋಡೆಯ ಕೆಳಭಾಗದಲ್ಲಿದೆ. ಬೆಳಕು ಮೂಲೆಮೂಲೆಗೂ, ಅದೂ ನೆಲದ ಮಟ್ಟಕ್ಕೆ ಬೇಕು. ಮಾಸ್ತರರ ಬೋರ್ಡಿನ ಮೇಲೊಂದು ಟ್ಯೂಬ್‌ಲೈಟು ಇಟ್ಟರೆ ಆಗದು. ಇದಕ್ಕೆ ಹಂಚಿನ ಮಾಡಿನಷ್ಟು ಒಳ್ಳೆಯ ಉತ್ತರ ಬೇರೆಯಿಲ್ಲ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಸುಡಲು ತೊಡಗಿದ ಹಂಚಿನ ಅಳತೆಗೇ ಗಾಜಿನ ಹಂಚೂ ಸಿಗುತ್ತದೆ. ಮಣ್ಣಿನ ಹಂಚು ತೆಗೆದು ಆ ಜಾಗಕ್ಕೆ ಕೂರಿಸಿದರೆ ಆಯಿತು. ಕೋಣೆಗೆ ನಾಲ್ಕೈದು ಸಾಕು. ಒಳಗೋಡೆಗೆ ಬಿಳಿ ಸುಣ್ಣ, ಕಿಟಕಿಯ ಮೇಲರ್ಧಕ್ಕೆ ಗಾಜು, ಕಿಟಕಿ ಪಕ್ಕದ ದೀಪಕ್ಕೂ ಒಳಮೂಲೆಯ ದೀಪಕ್ಕೂ ಬೇರೆಬೇರೆ ಸ್ವಿಚ್ಚು. ಶಾಲೆಗೆ ಕೊಟ್ಟ ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸುವ ದಾನಿಗಳು ನಮ್ಮಲ್ಲಿ ಬಹಳ. ಗಾಜಿನ ಹಂಚಿನ ಮೇಲೆ ಹೆಸರು ನಿಲ್ಲುವುದಿಲ್ಲ, ಅದಕ್ಕೇ ಏನೋ ಅದನ್ನು ಯಾರೂ ಕೊಡುವುದಿಲ್ಲ.

ಇಷ್ಟರ ನಂತರ ಎಲ್‌ಇಡಿ. ಐದು ಕೋಣೆಯ ಶಾಲೆಯಲ್ಲಿ ಹತ್ತು ಹಳೆಯ ಟ್ಯೂಬ್‌ಲೈಟು, ಚೋಕು ಸೇರಿ ತಲಾ 50 ವಾಟ್ ಎಂದುಕೊಳ್ಳಿ. ಆರು ತಾಸಿಗೆ 3 ಯೂನಿಟ್. 20 ವಾಟಿನ ಎಲ್‌ಇಡಿ ಹಾಕಿದರೆ 1.2. ಮಳೆಗಾಲದ ನೂರು ಶಾಲಾದಿನಕ್ಕೆ ಉಳಿಯುವುದು 180 ಯೂನಿಟ್. ಇದೇನು ದೊಡ್ಡದಲ್ಲ. 14.2 ಕಿಲೋದ ಒಂದು ಗ್ಯಾಸ್ ಸಿಲಿಂಡರಿನಲ್ಲಿರುವ ಶಾಖವೂ ಹೆಚ್ಚುಕಡಿಮೆ ಇಷ್ಟೇ!

ಬಿಸಿಯೂಟಕ್ಕೆ ಅಂಥ ಸಿಲಿಂಡರು ಒಂದಲ್ಲ, ಹಲವು ಬೇಕು; ಎಂದರೆ ಶಾಲೆಯ ದೊಡ್ಡ ಖರ್ಚು ಬಿಸಿಯೂಟದ ಕೋಣೆಯಲ್ಲಿದೆ. 2002ರಲ್ಲಿ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾಯಿತು, 2013ರಲ್ಲಿ ಕ್ಷೀರಭಾಗ್ಯದ ಹಾಲೂ ಸೇರಿತು. ಬೇಳೆ ಮೊದಲೇ ನೆನೆಸಿಟ್ಟರೆ, ಪಾತ್ರೆಗೆ ಸರಿಯಾದ ಮುಚ್ಚಳವಿದ್ದರೆ, ಗಾಳಿಗೆ ಬೆಂಕಿ ಅತ್ತಿತ್ತ ಹೋಗದಂತೆ ಒಲೆಗೆ ಮರೆಯಿದ್ದರೆ ಉಳಿಯುವ ಗ್ಯಾಸು ಕಡಿಮೆಯದಲ್ಲ. ಅಡುಗೆಯವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು, ಆದರೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಅವರನ್ನು ಕೇಳುವವರು ಯಾರು?

ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಎಂದು 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದರು. ಬಿಲ್ಲು ಕಟ್ಟಲಾಗದೆ ಒದ್ದಾಡುತ್ತಿದ್ದ ಮುಖ್ಯೋಪಾಧ್ಯಾಯರಿಗೆ ಅದು ನಿಜವಾದ ಉಪಕಾರ. ಬಿಲ್ಲಿನ ಚಿಂತೆ ಹೋದಲ್ಲಿ ಮೀಟರಿನತ್ತ ನೋಡುವ ಅಭ್ಯಾಸವೂ ಹೋಗುತ್ತದೆ ಎಂಬುದಷ್ಟೇ ನನ್ನ ಅಂಜಿಕೆ. ಆರನೆಯ ಇಯತ್ತೆಯ ಮಕ್ಕಳು ವಾರಕ್ಕೊಮ್ಮೆ ರೀಡಿಂಗು ಬರೆದುಕೊಂಡು ಗಣಿತದ ತಾಸಿನಲ್ಲಿ ಕಳೆಯುವ ಲೆಕ್ಕ ಮಾಡಲಿ.

ಸೋಲಾರ್ ಬಗ್ಗೆ ಕೇಳುತ್ತೀರಿ. ನಮ್ಮಲ್ಲಿ ಅದು ಹೆಚ್ಚು ಕೊಡುವುದು ಬೇಸಿಗೆಯಲ್ಲಿ, ಆಗ ಶಾಲೆಗೆ ರಜೆ. ನಮಗೆ ಬೇಕಾದ ಮಳೆಗಾಲದಲ್ಲಿ ಮೋಡ. ಮರ ಬಿದ್ದು ಲೈನು ಹೋದ ದಿನಕ್ಕೆ ಬ್ಯಾಟರಿ ಸಮೇತ ಚಿಕ್ಕದೊಂದಿರಲಿ. ಉಳಿತಾಯಕ್ಕೆಂದು ಅದನ್ನೇ ಮೊದಲು ಕೊಳ್ಳುವುದು ಬೇಡ.

ಏಪ್ರಿಲ್–ಮೇ ರಜೆಯಲ್ಲಿ ಹಂಚು ಕೈಯಾಡಿಸಲು ಆಳುಗಳು ಬರುತ್ತಾರೆ. ಗಾಜಿನ ಹಂಚು ಅದಕ್ಕೆ ಮೊದಲೇ ತಂದಿಟ್ಟಿರಬೇಕು. ಮಿರ್ಗ ಮಳೆ ಹಿಡಿದ ಮೇಲೆ ಮಾಡು ಹತ್ತುವವರು ಸಿಗುವುದಿಲ್ಲ.