ನೆರೆಯವನ ಹಕ್ಕು, ನಮ್ಮ ಹೊಣೆ



1860ರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರ್‌ನಲ್ಲಿ ಗಿರಣಿ ಮಾಲೀಕರೊಬ್ಬರು ಕಟ್ಟಿಸಿದ ಜಲಾಶಯದ ನೀರು ನೆರೆಯವರ ಕಲ್ಲಿದ್ದಲು ಗಣಿಗೆ ನುಗ್ಗಿತು. ಮಾಲೀಕರು ಸ್ವತಃ ನಿರ್ಲಕ್ಷ್ಯ ತೋರಿರಲಿಲ್ಲ. ಆದರೂ, ಅಪಾಯಕಾರಿ ವಸ್ತುವನ್ನು ತನ್ನ ನೆಲದಲ್ಲಿ ಕೂಡಿಟ್ಟವನೇ ಅದು ಹೊರನುಗ್ಗಿ ಮಾಡುವ ಹಾನಿಗೆ ಹೊಣೆಯೆಂದು 1868ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ಪ್ರಕೃತಿ ವಿಕೋಪ, ಅನ್ಯರ ಕೃತ್ಯ ಮುಂತಾದ ವಿನಾಯಿತಿಗಳು ಈ ನಿಯಮಕ್ಕಿದ್ದವು. 1985ರಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಮ್ ಅನಿಲ ಸೋರಿದ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ವಿನಾಯಿತಿಗಳನ್ನು ತಳ್ಳಿಹಾಕಿ, ಅಪಾಯಕಾರಿ ಉದ್ಯಮದ ಹೊಣೆ ಸಂಪೂರ್ಣವೆಂದು 1986ರಲ್ಲಿ ಸಾರಿತು.

ಆದರೆ 1984ರ ಭೋಪಾಲ ದುರಂತದ ಸಂತ್ರಸ್ತರಿಗೆ ಈ ತತ್ವದ ಫಲ ದಕ್ಕಲಿಲ್ಲ. 1989ರಲ್ಲಿ 47 ಕೋಟಿ ಡಾಲರುಗಳ ಒಪ್ಪಂದದೊಂದಿಗೆ ವ್ಯಾಜ್ಯ ಮುಗಿಯಿತು. ಹೆಚ್ಚಿನ ಪರಿಹಾರ ಕೋರಿದ ಅರ್ಜಿ 2023ರಲ್ಲಿ ವಜಾಗೊಂಡಿತು. ಬಲಾಢ್ಯರೆದುರು ತತ್ವ ಬಾಗಿದರೆ ಅದು ನ್ಯಾಯವೇ?

ಈ ಪ್ರಶ್ನೆ ನಮಗೂ ಅನ್ವಯಿಸುತ್ತದೆ. ಯಾರ ಉಪದ್ರವದಿಂದ ನೆರೆಯವನು ಸುರಕ್ಷಿತನಲ್ಲವೋ ಆತ ಸತ್ಯವಿಶ್ವಾಸಿಯಲ್ಲವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಆ ನೆರೆಯವನ ಧರ್ಮ ಯಾವುದೆಂಬ ಷರತ್ತು ಅದರಲ್ಲಿಲ್ಲ. ನಮ್ಮ ಶೌಚಗುಂಡಿಯ ನೀರು ಪಕ್ಕದ ಮನೆಯ ಬಾವಿಗೆ ಇಳಿಯುತ್ತಿದ್ದರೆ, 'ನಮಗೆ ತಿಳಿದಿರಲಿಲ್ಲ' ಎಂಬ ಉತ್ತರ ಅಲ್ಲಾಹನ ಮುಂದೆ ಸಾಕಾದೀತೇ? ಭೋಪಾಲಕ್ಕೆ ನ್ಯಾಯ ಕೇಳುವ ನಾವು ಮೊದಲು ನಮ್ಮ ಗೋಡೆಯಾಚೆಗೆ ಕಣ್ಣು ಹಾಯಿಸೋಣ.